ಒಕ್ಕಲುಗಳ ಪಕ್ಷ ಹಿಡಿದ ಗುರು: ಫಾದರ್ ಕಾನ್‌ಸ್ಟಂಟ್ ಲೀವನ್ಸ್

ನವೆಂಬರ್ ತಿಂಗಳು ಅಗಲಿದವರ ಸ್ಮರಣೆಯ ತಿಂಗಳು. ಎರಡನೆಯ ತಾರೀಕಿನಂದು ನಾವೆಲ್ಲರೂ ಕುಟುಂಬಸಮೇತರಾಗಿ ಸ್ಮಶಾನಕ್ಕೆ ತೆರಳಿ, ಸಮಾಧಿಗಳಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ನಮ್ಮ ಹಿರಿಯರ ಆತ್ಮಶಾಂತಿಗಾಗಿ ಪ್ರಾರ್ಥಿಸಿ ಬರುತ್ತೇವೆ. ಅದಾದ ಐದು ದಿನಗಳಿಗೆ, ಅಂದರೆ ನವೆಂಬರ್ 7ಕ್ಕೆ, ಇನ್ನೊಬ್ಬ ಹಿರಿಯರ ಮರಣದ ದಿನ ಬರುತ್ತದೆ. ಅವರ ಸಮಾಧಿಯಿರುವುದು ದೂರದ ರಾಂಚಿಯ ಸಂತ ಮರಿಯಮ್ಮನವರ ಪ್ರಧಾನಾಲಯದಲ್ಲಿ. ಛೋಟಾನಾಗಪುರದ ಆದಿವಾಸಿ ಕಥೋಲಿಕರು ತಮ್ಮ ವಿಶ್ವಾಸದ ತಂದೆಯೆಂದು ಗೌರವಿಸುವ ಈ ಬೆಲ್ಜಿಯಂ ದೇಶದ ಗುರುವಿನ ಹೆಸರು ನಮ್ಮ ಕಡೆಯ ಮನೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಸಂತ ಫ್ರಾನ್ಸಿಸ್ ಝೇವಿಯರರನ್ನು ಅರಿಯದ ಮಗು ನಮ್ಮಲ್ಲಿಲ್ಲ. ಫಾದರ್ ಕಾನ್‌ಸ್ಟಂಟ್ ಲೀವನ್ಸರನ್ನು ಅರಿತ ಹಿರಿಯರೂ ವಿರಳ.

ಲೀವನ್ಸರು ಜನಿಸಿದ್ದು 1856ರ ಏಪ್ರಿಲ್ 10ರಂದು, ಬೆಲ್ಜಿಯಂನ ಪಶ್ಚಿಮ ಫ್ಲಾಂಡರ್ಸ್ ಪ್ರಾಂತ್ಯದ ಮೂರ್ಸ್ಲೇಡೆ ಎಂಬ ಹಳ್ಳಿಯಲ್ಲಿ. ತಂದೆತಾಯಿಗಳು ಬೇಸಾಯಗಾರರು. ತುಂಬಿದ ಮನೆ, ಹೊಲ, ಹಟ್ಟಿ, ಸಂಜೆಯ ಜಪಸರ. ಮಣ್ಣಿನ ಮೇಲೆ ಬೇಸಾಯಗಾರನಿಗಿರುವ ಮಮತೆ ಎಂಥದೆಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿರಲಿಲ್ಲ. ಮುಂದೆ ಅವರ ಬಾಳಿನ ದಿಕ್ಕನ್ನು ನಿರ್ಧರಿಸಿದ್ದು ಈ ಅರಿವೇ ಎಂದು ನನ್ನ ಎಣಿಕೆ. ರೂಸಲಾರೆಯಲ್ಲಿ ಓದು ಮುಗಿಸಿ, ಬ್ರೂಜ್ ನಗರದ ಗುರುಮಠದಲ್ಲಿ ವ್ಯಾಸಂಗ ಮಾಡುತ್ತಿದ್ದ ಅವರಿಗೆ ಸ್ವದೇಶದ ಯಾವುದಾದರೊಂದು ಧರ್ಮಕೇಂದ್ರದಲ್ಲಿ ನೆಮ್ಮದಿಯಾಗಿ ಸೇವೆ ಸಲ್ಲಿಸುವ ಅವಕಾಶವಿತ್ತು. ಅದನ್ನು ಬಿಟ್ಟು 1878ರಲ್ಲಿ ಯೇಸುಸಭೆಯನ್ನು ಸೇರಿದರು. 1880ರಲ್ಲಿ ಭಾರತಕ್ಕೆ ಬಂದರು. ಮಂಗಳೂರಿನಲ್ಲಿ ಇದೇ ಯೇಸುಸಭೆಯ ಇಟಲಿಯ ಗುರುಗಳು ಸಂತ ಅಲೋಶಿಯಸ್ ಕಾಲೇಜನ್ನು ತೆರೆದದ್ದೂ ಅದೇ ವರ್ಷ. ಅಲ್ಲಿ ಪಾಠಶಾಲೆಯ ಗಂಟೆ ಬಾರಿಸುತ್ತಿದ್ದಾಗ, ಬಂಗಾಳದ ಮಿಶನ್ನಿಗೆ ಸೇರಿದ ಈ ತರುಣ ಅಸನ್‌ಸೋಲಿನಲ್ಲಿ ದೈವಶಾಸ್ತ್ರವನ್ನು ಅಭ್ಯಸಿಸುತ್ತಿದ್ದರು. 1883ರ ಜನವರಿ 14ರಂದು ಅವರಿಗೆ ಗುರುದೀಕ್ಷೆಯಾಯಿತು. ಎರಡು ವರ್ಷಗಳ ತರುವಾಯ, 1885ರ ಮಾರ್ಚ್ ತಿಂಗಳಲ್ಲಿ, ಅವರನ್ನು ಛೋಟಾನಾಗಪುರಕ್ಕೆ ಕಳುಹಿಸಲಾಯಿತು. ಆಗ ಅವರ ವಯಸ್ಸು ಇಪ್ಪತ್ತೆಂಟು. ಮುಂದೆ ಉಳಿದಿದ್ದ ಆಯುಸ್ಸು ಒಂಬತ್ತು ವರ್ಷವೂ ಇರಲಿಲ್ಲ.

ಇಂದು ಜಾರ್ಖಂಡ್ ರಾಜ್ಯದಲ್ಲಿರುವ ಆ ಪ್ರಸ್ಥಭೂಮಿ ಅಂದು ಸಾಲ ವೃಕ್ಷಗಳ ದಟ್ಟ ಅರಣ್ಯ. ರಾಂಚಿಗೆ ರೈಲುಹಾದಿ ಬಂದದ್ದು 1907ರಲ್ಲಿ. ಅದುವರೆಗೆ ಎತ್ತಿನ ಗಾಡಿ, ಕುದುರೆ, ಇಲ್ಲವೇ ಕಾಲ್ನಡಿಗೆ. ಮುಂಡಾ, ಉರಾಂವ್, ಖಡಿಯಾ ಮುಂತಾದ ಜನಾಂಗಗಳು ಕಾಡು ಕಡಿದು, ಗುಡ್ಡದ ಇಳಿಜಾರುಗಳಲ್ಲಿ ಗದ್ದೆ ಕಟ್ಟಿ ತಲೆಮಾರುಗಳಿಂದ ಬಾಳುತ್ತಿದ್ದರು. ಇವರಲ್ಲಿ ಉರಾಂವರ ವಿಷಯವಾಗಿ ಕನ್ನಡಿಗರಾದ ನಾವು ಒಂದು ಸಂಗತಿಯನ್ನು ಅರಿತಿರಬೇಕು. ಅವರು ಆಡುವ ಕುಡುಖ್ ಭಾಷೆ ನಮ್ಮ ಕನ್ನಡ, ತುಳುಗಳಂತೆಯೇ ದ್ರಾವಿಡ ಕುಲದ್ದು. ನಾವು ನೀನು ಎನ್ನುವಲ್ಲಿ ಅವರು ನೀನ್ ಎನ್ನುತ್ತಾರೆ; ನಮ್ಮ ಮೂರು ಅವರಿಗೆ ಮೂಂದ್. ತಮ್ಮ ಪೂರ್ವಜರು ಕರ್ನಾಟಕದ ಕಡೆಯಿಂದ ನರ್ಮದೆಯ ದಂಡೆ ಹಿಡಿದು ಉತ್ತರಕ್ಕೆ ಬಂದವರೆಂಬ ಐತಿಹ್ಯವೂ ಅವರಲ್ಲುಂಟು. ಐತಿಹ್ಯವು ಇತಿಹಾಸವಲ್ಲ, ನಿಜ. ಭಾಷೆಯ ನಂಟಸ್ತಿಕೆ ಮಾತ್ರ ಸಂಶಯಾತೀತ.

ಆ ನಾಡಿನಲ್ಲಿ ಕ್ರಿಸ್ತನ ಹೆಸರನ್ನು ಮೊದಲು ಸಾರಿದವರು ಕಥೋಲಿಕರಲ್ಲ. 1845ರಲ್ಲಿಯೇ ಜರ್ಮನಿಯ ಲುಥೆರನ್ ಮಿಶನರಿಗಳು ರಾಂಚಿಗೆ ಬಂದಿದ್ದರು. ಐದು ವರ್ಷ ಕಾದು 1850ರಲ್ಲಿ ಮೊದಲ ದೀಕ್ಷಾಸ್ನಾನಗಳನ್ನು ನೀಡಿದ್ದರು. ಅವರ ತಾಳ್ಮೆಗೆ ಸಲ್ಲಬೇಕಾದ ಗೌರವವನ್ನು ನಾವು ಸಲ್ಲಿಸದಿದ್ದರೆ ತಪ್ಪಾದೀತು. ಕಥೋಲಿಕರ ಪಾಲಿಗೆ ಬಾಗಿಲು ತೆರೆದವರು ಫಾದರ್ ಸ್ಟಾಕ್‌ಮನ್. ಚಾಯಿಬಾಸಾದಲ್ಲಿ ನೆಲೆಸಿದ್ದ ಅವರು 1873ರಲ್ಲಿ ಖೂಂಟ್‌ಪಾನಿ ಎಂಬ ಊರಿನಲ್ಲಿ ಇಪ್ಪತ್ತೆಂಟು ಮಂದಿ ಮುಂಡಾ ಜನರಿಗೆ ದೀಕ್ಷಾಸ್ನಾನವನ್ನಿತ್ತರು. ಆದರೂ ಲೀವನ್ಸರು ಬಂದಾಗ ಅಲ್ಲಿದ್ದ ಗುರುಗಳು ಕೆಲವೇ ಮಂದಿ, ಕಥೋಲಿಕರ ಸಂಖ್ಯೆಯೂ ಅಲ್ಪ. ಉಪದೇಶ ಕೇಳಲು ಜನ ಬರುತ್ತಿದ್ದರು, ಕೇಳಿ ಸುಮ್ಮನೆ ಎದ್ದು ಹೋಗುತ್ತಿದ್ದರು.

1885ರ ಕೊನೆಯಲ್ಲಿ ಲೀವನ್ಸರು ತೋರ್ಪಾ ಎಂಬ ಗ್ರಾಮದಲ್ಲಿ ಬಿಡಾರ ಮಾಡಿದರು. ಪೊಲೀಸ್ ಠಾಣೆಯಿದ್ದ ಊರು. ಠಾಣೆಗೆ ಬರುವ ಜನರ ಗೋಳು ದಿನವೂ ಕಣ್ಣಿಗೆ ಬೀಳುತ್ತಿತ್ತು. ಈ ಜನರ ಹೃದಯವನ್ನು ಮುಟ್ಟಬೇಕಾದರೆ ಅವರ ಭೂಮಿಯ ವ್ಯಾಜ್ಯವನ್ನು ಮೊದಲು ಅರಿಯಬೇಕೆಂದು ಅಲ್ಲಿಯ ಪೊಲೀಸಿನವನೊಬ್ಬನೇ ಅವರಿಗೆ ಸೂಚಿಸಿದನೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ.

ಏನಿತ್ತು ಆ ವ್ಯಾಜ್ಯ? ಮುಂಡಾ ಸಂಪ್ರದಾಯದಲ್ಲಿ ಕಾಡು ಕಡಿದು ನೆಲವನ್ನು ಮೊದಲು ಹಸನುಮಾಡಿದ ವಂಶದವರೇ ಆ ನೆಲದ ಹಕ್ಕುದಾರರು. ಇದಕ್ಕೆ ಖೂಂಟ್‌ಕಟ್ಟಿ ಎಂದು ಹೆಸರು. ಹಕ್ಕು ಇಡೀ ವಂಶದ್ದು. ಕಾಗದಪತ್ರಗಳಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಪೂರ್ವಜರ ಸಮಾಧಿಗಳ ಮೇಲೆ ನಿಲ್ಲಿಸಿದ ದೊಡ್ಡ ಕಲ್ಲುಗಳೇ ಅವರ ಪಾಲಿಗೆ ದಸ್ತಾವೇಜು. ಕಾಲಕ್ರಮದಲ್ಲಿ ನಾಡಿನ ರಾಜರು ಹೊರಗಿನಿಂದ ಬಂದ ಆಶ್ರಿತರಿಗೆ ಹಳ್ಳಿಹಳ್ಳಿಗಳನ್ನೇ ಉಂಬಳಿ ಕೊಟ್ಟರು. ಆ ಮೇಲೆ ಠೇಕೇದಾರರು ಬಂದರು. ನೆಲದ ಒಡೆಯರೆನಿಸಿದ್ದವರು ಒಕ್ಕಲುಗಳಾದರು. ಗೇಣಿ ಏರುತ್ತ ಹೋಯಿತು; ಗೇಣಿ ಕೊಟ್ಟುದಕ್ಕೆ ರಶೀದಿಯಿಲ್ಲ, ರಶೀದಿಯಿಲ್ಲದ್ದರಿಂದ ಪುನಃ ಕೇಳಿದರೆ ಪುನಃ ಕೊಡಬೇಕು. ಇದರ ಮೇಲೆ ಬೇಠ್ ಬೇಗಾರಿ, ಅಂದರೆ ಬಿಟ್ಟಿ ಚಾಕರಿ. ತನ್ನ ಗದ್ದೆಯ ಪೈರು ಒಣಗುತ್ತಿದ್ದರೂ ಜಮೀನ್ದಾರನ ಗದ್ದೆಯನ್ನು ಮೊದಲು ಉಳಬೇಕು, ಅವನ ಹೊರೆಯನ್ನು ಹೊರಬೇಕು. ಗೇಣಿ, ಒಕ್ಕಲು, ಬಿಟ್ಟಿ ಎಂಬ ಮಾತುಗಳನ್ನು ನಮ್ಮ ಹಿರಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ನ್ಯಾಯಾಲಯಕ್ಕೆ ಹೋಗೋಣವೆಂದರೆ ಅಲ್ಲಿಯ ಭಾಷೆ ಇವರಿಗೆ ತಿಳಿಯದು, ಇವರ ಭಾಷೆ ಅಲ್ಲಿಯವರಿಗೆ ತಿಳಿಯದು. ಕೇಳುವವರಿಲ್ಲದ ರೋಷ 1831-32ರಲ್ಲಿ ದೊಡ್ಡ ದಂಗೆಯಾಗಿ ಸಿಡಿದಿತ್ತು. ಆ ಬಳಿಕವೂ ಸರ್ದಾರರೆಂಬ ಮುಖಂಡರು ಅರ್ಜಿಗಳನ್ನು ಹಿಡಿದು ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದಿದ್ದರು.

ಲೀವನ್ಸರು ಕಾನೂನಿನ ಪುಸ್ತಕಗಳನ್ನು ಹಿಡಿದು ಕುಳಿತರು. ಗೇಣಿಯ ಕಾಯಿದೆ, ಭೂಹಿಡುವಳಿಯ ಕಾಯಿದೆ, ಸ್ಥಳೀಯ ರೂಢಿ, ಎಲ್ಲವನ್ನೂ ಅಭ್ಯಸಿಸಿದರು. ಜೊತೆಜೊತೆಗೆ ಜನರ ಭಾಷೆಗಳನ್ನೂ ಕಲಿತರು. ಆ ಬಳಿಕ ಅವರ ಬಿಡಾರದ ಅಂಗಳವೇ ಒಂದು ಕಚೇರಿಯಂತಾಯಿತು. ಜನ ತಮ್ಮ ಅಹವಾಲನ್ನು ಹೇಳುವರು, ಗುರುಗಳು ಕೇಳುವರು, ಕಾಯಿದೆ ಏನೆನ್ನುತ್ತದೆಂದು ತಿಳಿಸುವರು. ನ್ಯಾಯವಾದ ಗೇಣಿಯನ್ನು ಕೊಡಿರಿ, ಕೊಟ್ಟುದಕ್ಕೆ ರಶೀದಿ ಪಡೆಯಿರಿ, ಕಾಯಿದೆಗೆ ಮೀರಿದ ಬಿಟ್ಟಿಯನ್ನು ಒಪ್ಪಬೇಡಿರಿ, ಹೊಡೆದಾಟಕ್ಕೆ ಇಳಿಯದೆ ನ್ಯಾಯಾಲಯಕ್ಕೆ ಹೋಗಿರಿ: ಅವರ ಸಲಹೆಯ ಸಾರ ಇಷ್ಟೇ. ಅಗತ್ಯವಾದಾಗ ವಕೀಲರನ್ನೂ ಗೊತ್ತುಮಾಡಿ ಕೊಡುತ್ತಿದ್ದರು. ಎಂದೂ ಗೆಲ್ಲದಿದ್ದವರು ಮೊಕದ್ದಮೆಗಳನ್ನು ಗೆಲ್ಲತೊಡಗಿದರು. ಜಮೀನ್ದಾರನ ಎದುರು ನಿಂತು ಗೆದ್ದು ಬರಲು ಸಾಧ್ಯವಿದೆಯೆಂಬ ಸುದ್ದಿ ಕಾಡಿನ ಆ ಹಳ್ಳಿಗಳಲ್ಲಿ ಯಾವ ವೇಗದಲ್ಲಿ ಹಬ್ಬಿರಬೇಕೆಂದು ಊಹಿಸಿಕೊಳ್ಳಬಹುದು. ಒಬ್ಬೊಬ್ಬರಾಗಿ ಬರುತ್ತಿದ್ದವರು ಕುಟುಂಬ ಕುಟುಂಬವಾಗಿ, ಆಮೇಲೆ ಹಳ್ಳಿಗೆ ಹಳ್ಳಿಯೇ ಬಂದು ನಿಮ್ಮ ಧರ್ಮಕ್ಕೆ ಸೇರಿಸಿಕೊಳ್ಳಿರೆಂದು ಬೇಡತೊಡಗಿದರು.

ಅಂದೂ ಇಂದೂ ಅವರ ವಿಷಯದಲ್ಲಿ ಎತ್ತಲಾಗುವ ಆಕ್ಷೇಪಣೆ ಹುಟ್ಟುವುದು ಇಲ್ಲಿಯೇ. ಗದ್ದೆಯನ್ನು ಉಳಿಸಿಕೊಳ್ಳುವ ಆಸೆಯಿಂದ ಬಂದವನ ವಿಶ್ವಾಸ ವಿಶ್ವಾಸವೇ? ಸರ್ಕಾರಿ ಅಧಿಕಾರಿಗಳು ಕೇಳಿದರು, ಜಮೀನ್ದಾರರು ಕೇಳಿದರು. ಇಷ್ಟು ಅವಸರ ತರವೇ ಎಂಬ ಆತಂಕ ಯೇಸುಸಭೆಯ ಒಳಗೂ ಇತ್ತು. ಇದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಬಂದವರಲ್ಲಿ ಅನೇಕರು ಮೊದಲು ಬಂದದ್ದು ಮೊಕದ್ದಮೆಗಾಗಿಯೇ ಎಂಬುದನ್ನು ಲೀವನ್ಸರೂ ಅರಿಯದವರಲ್ಲ. ಆದರೆ ಸುವಾರ್ತೆಯಲ್ಲಿ ಕ್ರಿಸ್ತನ ಬಳಿಗೆ ಬಂದ ಕುಷ್ಠರೋಗಿಗಳೂ ಕುರುಡರೂ ಮೊದಲು ಬಂದದ್ದು ಗುಣಹೊಂದುವುದಕ್ಕಾಗಿಯೇ ಅಲ್ಲವೆ? ಬಂದವರನ್ನು ಲೀವನ್ಸರು ಹಾಗೆಯೇ ಬಿಡಲಿಲ್ಲ. ಗ್ರಾಮಗಳಿಗೆ ಉಪದೇಶಿಗಳನ್ನು ನೇಮಿಸಿದರು, ಪ್ರಾರ್ಥನೆಗಳನ್ನು ಅವರವರ ಭಾಷೆಯಲ್ಲಿ ಕಲಿಸಿದರು, ಹುಲ್ಲುಮಾಡಿನ ಪ್ರಾರ್ಥನಾಮಂದಿರಗಳೂ ಪುಟ್ಟ ಶಾಲೆಗಳೂ ಎದ್ದವು. ಹೊಸಬರು ಹಳೆಯ ಬಲಿಗಳನ್ನು ತ್ಯಜಿಸಿದ ಕುರುಹಾಗಿ ತಲೆಯ ಜುಟ್ಟನ್ನು ಕತ್ತರಿಸುವ ಪದ್ಧತಿಯೂ ಇತ್ತು. ಇಂದಿನ ಧರ್ಮಸಭೆ ಆದಿವಾಸಿ ಸಂಸ್ಕೃತಿಯ ವಿಷಯದಲ್ಲಿ ಹೊಂದಿರುವ ಆದರದ ದೃಷ್ಟಿಯಿಂದ ನೋಡಿದರೆ ಅದು ನಮಗೆ ಅಷ್ಟು ಒಪ್ಪಿಗೆಯಾಗದು. ಅವರೂ ತಮ್ಮ ಕಾಲದವರೇ.

1888ರಲ್ಲಿ ಲೀವನ್ಸರು ರಾಂಚಿಗೆ ಬಂದು ಇಡೀ ಮಿಶನ್ನಿನ ಹೊಣೆಯನ್ನು ಹೊತ್ತರು. ಮರುವರ್ಷವೇ ಬಿರುಗಾಳಿ ಎದ್ದಿತು. ಧೈರ್ಯ ಬಂದಿದ್ದ ಒಕ್ಕಲುಗಳಲ್ಲಿ ಕೆಲವರು ಗುರುಗಳ ಮಾತನ್ನು ಮೀರಿ, ನ್ಯಾಯವಾದ ಗೇಣಿಯನ್ನೂ ಕೊಡೆವೆಂದು ಹಟ ಹಿಡಿದರು. ಜಮೀನ್ದಾರರು ಇದನ್ನೇ ಕಾಯುತ್ತಿದ್ದರು. ಈ ಪಾದ್ರಿ ಜನರನ್ನು ದಂಗೆಗೆ ಎಬ್ಬಿಸುತ್ತಿದ್ದಾನೆಂದು ದೂರುಗಳು ಹೋದವು. 1889ರ ನವೆಂಬರಿನಿಂದ 1890ರ ಮಾರ್ಚಿನವರೆಗೆ ಬ್ರಿಟಿಷ್ ಅಧಿಕಾರಿಗಳಿಗೂ ಮಿಶನರಿಗಳಿಗೂ ನಡುವೆ ನ್ಯಾಯಾಲಯದೊಳಗೂ ಹೊರಗೂ ತೀವ್ರ ತಿಕ್ಕಾಟ ನಡೆಯಿತು. ಕ್ರೈಸ್ತರನ್ನು ಹಿಡಿದು ಸೆರೆಗೆ ಹಾಕಲಾಯಿತು. ಬಿಳಿಯ ಪಾದ್ರಿಗಳೆಲ್ಲ ಬಿಳಿಯ ಸರ್ಕಾರದ ಕೈಯಾಳುಗಳೆಂದು ಸರಾಗವಾಗಿ ಹೇಳುವವರು ಈ ಐದು ತಿಂಗಳ ಇತಿಹಾಸವನ್ನು ಒಮ್ಮೆ ಓದಬೇಕು. ಭಯಗೊಂಡ ಸಹಸ್ರಾರು ಮಂದಿ ಹೊಸ ವಿಶ್ವಾಸವನ್ನು ತೊರೆದು ಹಿಂದಿರುಗಿದರು. ಅದನ್ನು ಕಂಡ ಟೀಕಾಕಾರರಿಗೆ ತಮ್ಮ ಮಾತೇ ನಿಜವಾಯಿತೆಂದು ಅನ್ನಿಸಿರಬೇಕು. ಲೀವನ್ಸರ ಮನಸ್ಸಿಗೆ ಅದೆಷ್ಟು ನೋವಾಯಿತೆಂಬುದನ್ನು ಬಲ್ಲವನು ದೇವರೊಬ್ಬನೇ.

ಆದರೆ ಅದೇ ಹೊತ್ತಿಗೆ ಮತ್ತೊಂದು ದಿಕ್ಕಿನಿಂದ ಕರೆ ಬಂದಿತ್ತು. ರಾಂಚಿಯಿಂದ ಪಶ್ಚಿಮಕ್ಕೆ, ಕಡಿದಾದ ಘಾಟಿಗಳನ್ನು ಏರಿ ಇಳಿದರೆ ಬರ್ವೇ ಎಂಬ ಸೀಮೆ. ಈಗಿನ ಗುಮ್ಲಾ ಜಿಲ್ಲೆಯ ಚೈನ್‌ಪುರದ ಸುತ್ತಮುತ್ತಲಿನ ನಾಡು. ಉರಾಂವರೇ ಹೆಚ್ಚಾಗಿರುವ ಪ್ರದೇಶ. ಅಲ್ಲಿಯ ಜನ ತಾವಾಗಿಯೇ ಗುರುಗಳನ್ನು ಹುಡುಕಿಕೊಂಡು ದಿನಗಟ್ಟಲೆ ನಡೆದು ಬಂದಿದ್ದರು. ಲೀವನ್ಸರು ಕುದುರೆಯೇರಿ ಹೊರಟರು. ಮುಂದಿನ ಎರಡು ವರ್ಷಗಳಲ್ಲಿ ಬರ್ವೇಯಲ್ಲಿ ನಡೆದದ್ದನ್ನು ಮಿಶನ್ ಚರಿತ್ರೆಯಲ್ಲಿ ವಿರಳವೆನ್ನಬೇಕು. ಕೆಲವೇ ವಾರಗಳ ಪ್ರವಾಸದಲ್ಲಿ ಸಹಸ್ರಸಹಸ್ರ ಮಂದಿ ದೀಕ್ಷಾಸ್ನಾನ ಪಡೆದರು. ಹಗಲೆಲ್ಲ ಕುದುರೆಯ ಮೇಲೆ, ರಾತ್ರಿ ಗುಡಿಸಲ ಜಗಲಿಯಲ್ಲಿ ಜನರ ಮಧ್ಯೆ. ಮಳೆ, ಜ್ವರ, ಸಿಕ್ಕಿದ ಊಟ. ಊರಿಂದೂರಿಗೆ ಜನರೇ ಅವರನ್ನು ಎದುರುಗೊಂಡು, ಮಾದಳ ಬಾರಿಸುತ್ತ ಕರೆದೊಯ್ಯುತ್ತಿದ್ದರು.

ಇಂಥ ದುಡಿಮೆಯನ್ನು ದೇಹ ತಡೆಯಲಿಲ್ಲ. ಕ್ಷಯರೋಗ ಕಾಣಿಸಿಕೊಂಡಿತು. ಆ ರೋಗದ ಕ್ರಿಮಿಯನ್ನು ವಿಜ್ಞಾನಿ ಕೋಖ್ 1882ರಲ್ಲಷ್ಟೇ ಗುರುತಿಸಿದ್ದರು. ಔಷಧ ದೊರೆಯಲು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಯಬೇಕಿತ್ತು. ಒಳ್ಳೆಯ ಗಾಳಿ, ವಿಶ್ರಾಂತಿ, ಇವೇ ಅಂದಿನ ಚಿಕಿತ್ಸೆ. ಮೇಲಧಿಕಾರಿಗಳು ಅವರನ್ನು ಡಾರ್ಜಿಲಿಂಗಿಗೆ ಕಳುಹಿಸಿದರು. ಅಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ತುಸು ಚೇತರಿಸಿಕೊಂಡೊಡನೆ ತಮ್ಮ ಜನರ ಬಳಿಗೆ ಮರಳಿ ಬಂದರು. ರೋಗ ಉಲ್ಬಣಿಸಿತು. ಕೊನೆಗೆ 1892ರಲ್ಲಿ ಅವರು ವಿಧೇಯರಾಗಿ ಸ್ವದೇಶಕ್ಕೆ ಹಡಗು ಹತ್ತಬೇಕಾಯಿತು. ಏಳು ವರ್ಷಗಳ ಹಿಂದೆ ಬೆರಳೆಣಿಕೆಯ ಕುಟುಂಬಗಳಿದ್ದ ಮಿಶನ್ನಿನಲ್ಲಿ ಅವರು ಹೊರಟಾಗ ದೀಕ್ಷಾಸ್ನಾನ ಪಡೆದವರೂ ಪಡೆಯಲು ಸಿದ್ಧರಾಗುತ್ತಿದ್ದವರೂ ಹತ್ತಾರು ಸಾವಿರ.

ಬೆಲ್ಜಿಯಂನಲ್ಲಿ ಅವರಿಗೆ ಗುಣವಾಗಲಿಲ್ಲ. 1893ರ ನವೆಂಬರ್ 7ರಂದು ಲೂವೇನ್ ನಗರದಲ್ಲಿ, ಮೂವತ್ತೇಳರ ಹರೆಯದಲ್ಲಿ, ಅವರು ಪ್ರಭುವಿನಲ್ಲಿ ನಿದ್ರೆಹೋದರು. ಬಿಟ್ಟುಬಂದ ಜನ ಸಮುದ್ರದಾಚೆ. ನೆಟ್ಟ ಸಸಿ ನಿಲ್ಲುವುದೋ ಬೀಳುವುದೋ ತಿಳಿಯುವ ಭಾಗ್ಯವೂ ಅವರಿಗಿರಲಿಲ್ಲ.

ಸಸಿ ನಿಂತಿತು. ಲೀವನ್ಸರು ದೂರವಾದ ಬಳಿಕವೂ, ಮೊಕದ್ದಮೆಯಿಂದ ಲಾಭವಾಗುವ ನಿರೀಕ್ಷೆ ಇಳಿದ ಬಳಿಕವೂ, ಬರ್ವೇಯ ಜನ ತಮ್ಮ ಪ್ರಾರ್ಥನೆಯನ್ನು ಬಿಡಲಿಲ್ಲ. 1897ರಲ್ಲಿ, ಅವರು ತೀರಿಕೊಂಡ ನಾಲ್ಕೇ ವರ್ಷಗಳಿಗೆ, ರಾಂಚಿಯಲ್ಲಿ ನಾಲ್ವರು ಆದಿವಾಸಿ ತರುಣಿಯರು ತಮ್ಮ ಬಾಳನ್ನು ದೇವರಿಗೆ ಅರ್ಪಿಸಿ, ಸಂತ ಅನ್ನಮ್ಮನವರ ಪುತ್ರಿಯರೆಂಬ ಧರ್ಮಭಗಿನಿಯರ ಸಂಸ್ಥೆಗೆ ಅಡಿಪಾಯ ಹಾಕಿದರು. ಅವರ ಮುಂದಾಳು ಮರಿಯ ಬೆರ್ನದೆತ್ ಕಿಸ್‌ಪೋಟ್ಟಾ. ಮದುವೆಯಾಗದ ಹೆಣ್ಣಿಗೆ ಸ್ಥಾನವೇ ಇಲ್ಲವೆಂಬಂತಿದ್ದ ಸಮಾಜದಲ್ಲಿ ಅವರು ಮನೆಯವರ ವಿರೋಧವನ್ನೂ ಎದುರಿಸಿ ನಿಂತವರು. ವಿಶ್ವಾಸ ಬರೇ ಗದ್ದೆಯದಾಗಿದ್ದರೆ ಇಂಥ ಹೆಣ್ಣುಮಕ್ಕಳು ಎಲ್ಲಿಂದ ಬರಬೇಕು?

ಎಲ್ಲವೂ ಸುಗಮವಾಗಿತ್ತೆಂದು ಹೇಳುವಂತಿಲ್ಲ. ಮುಂಡಾ ಸೀಮೆಯಲ್ಲಿ ನಿರಾಶರಾದ ಜನರ ರೋಷವು ಬಿರ್ಸಾ ಮುಂಡಾರ ನಾಯಕತ್ವದಲ್ಲಿ ಉಲ್ಗುಲಾನ್ ಎಂಬ ಮಹಾ ಬಂಡಾಯವಾಗಿ ಎದ್ದಿತು. ಅದರ ಬಾಣ ಸರ್ಕಾರದ, ಜಮೀನ್ದಾರರ ಮೇಲೆ ಮಾತ್ರವಲ್ಲ, ಮಿಶನ್ನುಗಳ ಮೇಲೂ ತಿರುಗಿತ್ತು. 1899ರ ಕ್ರಿಸ್ಮಸ್ ಜಾಗರಣೆಯ ಹೊತ್ತಿಗೆ ಸರ್ವದಾ ಎಂಬಲ್ಲಿಯ ನಮ್ಮ ಮಿಶನ್ನಿನ ಮೇಲೂ ಬಾಣಗಳು ಬಿದ್ದವು. ಆಗ ಫಾದರ್ ಹಾಫ್‌ಮನ್ನರು ಅಲ್ಲಿದ್ದರು. ಬಿರ್ಸಾ 1900ರ ಜೂನ್ 9ರಂದು ರಾಂಚಿಯ ಸೆರೆಮನೆಯಲ್ಲಿ ಮೃತಪಟ್ಟರು. ದಾಳಿಯನ್ನು ಕಂಡ ಹಾಫ್‌ಮನ್ನರು ಅದಕ್ಕಾಗಿ ಆ ಜನರ ಮೇಲೆ ಮುನಿಯಲಿಲ್ಲ. ಮುಂಡಾರಿ ಭಾಷೆಯ ವಿಶ್ವಕೋಶಕ್ಕೆ ತಮ್ಮ ಆಯುಸ್ಸನ್ನು ಸವೆಸಿದ ಅವರು ಲೀವನ್ಸರ ಕಾನೂನಿನ ಕೆಲಸವನ್ನೂ ಮುಂದುವರಿಸಿದರು. ವ್ಯಾಜ್ಯಗಳನ್ನು ಒಂದೊಂದಾಗಿ ಗೆದ್ದರೆ ಸಾಲದು, ಕಾಯಿದೆಯೇ ಬದಲಾಗಬೇಕೆಂದು ಕಂಡುಕೊಂಡರು. 1908ರಲ್ಲಿ ಜಾರಿಗೆ ಬಂದ ಛೋಟಾನಾಗಪುರ ಗೇಣಿ ಕಾಯಿದೆಯ ರಚನೆಯಲ್ಲಿ ಅವರ ಪಾಲಿದೆ. ಖೂಂಟ್‌ಕಟ್ಟಿ ಹಕ್ಕನ್ನು ಮನ್ನಿಸಿ, ಆದಿವಾಸಿಗಳ ಭೂಮಿ ಪರರ ಪಾಲಾಗದಂತೆ ತಡೆಯೊಡ್ಡಿದ ಕಾಯಿದೆಯದು. ಮರುವರ್ಷ ಅವರು ಆರಂಭಿಸಿದ ಸಹಕಾರಿ ಸಾಲದ ಸಂಘವು ಬೇಸಾಯಗಾರರನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಲು ಹುಟ್ಟಿದ್ದು. ಉಲ್ಗುಲಾನಿನಲ್ಲಿ ರಕ್ತ ಸುರಿಸಿದವರ ಪಾಲು ಆ ಕಾಯಿದೆಯಲ್ಲಿ ಎಷ್ಟು, ಅರ್ಜಿ ಬರೆದವರ ಪಾಲು ಎಷ್ಟು ಎಂಬುದನ್ನು ಇತಿಹಾಸಕಾರರು ಚರ್ಚಿಸಲಿ; ಎರಡೂ ಇಲ್ಲದೆ ಅದು ಬಂದಿರಲಾರದು.

1927ರಲ್ಲಿ ರಾಂಚಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು, 1953ರಲ್ಲಿ ಮಹಾಧರ್ಮಪ್ರಾಂತ್ಯವಾಯಿತು. ಕುದುರೆಯ ಮೇಲೆ ಲೀವನ್ಸರು ಸುತ್ತಾಡಿದ ಚೈನ್‌ಪುರದ ಸೀಮೆಯಲ್ಲಿಯೇ 1939ರಲ್ಲಿ ಹುಟ್ಟಿದ ಉರಾಂವ್ ಬಾಲಕ ತೆಲೆಸ್ಫೋರ್ ಟೊಪ್ಪೋ ಗುರುವಾಗಿ, ರಾಂಚಿಯ ಮಹಾಧರ್ಮಾಧ್ಯಕ್ಷರಾಗಿ, 2003ರಲ್ಲಿ ಕಾರ್ಡಿನಲ್ ಪದವಿಗೇರಿದರು. ಏಷ್ಯಾ ಖಂಡದ ಆದಿವಾಸಿಗಳಲ್ಲಿ ಆ ಪದವಿಗೇರಿದವರಲ್ಲಿ ಅವರೇ ಮೊದಲಿಗರು. 2023ರ ಅಕ್ಟೋಬರಿನಲ್ಲಿ ಅವರೂ ಕಾಲವಾದರು. ಲೀವನ್ಸರನ್ನು ಸಂತರ ಸಾಲಿಗೆ ಸೇರಿಸುವ ಪ್ರಕ್ರಿಯೆ 2001ರಲ್ಲಿ ಆರಂಭವಾಗಿದ್ದು, ಧರ್ಮಸಭೆ ಅವರನ್ನು ದೇವರ ಸೇವಕರೆಂದು ಕರೆಯುತ್ತದೆ.

ಹುಟ್ಟೂರಾದ ಮೂರ್ಸ್ಲೇಡೆಯನ್ನು ಮೊದಲನೆಯ ಮಹಾಯುದ್ಧ ನೆಲಸಮ ಮಾಡಿತು. ಊರನ್ನು ಪುನಃ ಕಟ್ಟಿಕೊಂಡ ಜನ, ಕುದುರೆಯ ಮೇಲೆ ಕುಳಿತ ಲೀವನ್ಸರ ಪ್ರತಿಮೆಯೊಂದನ್ನು 1929ರಲ್ಲಿ ಅಲ್ಲಿ ನಿಲ್ಲಿಸಿದರು. ಪ್ರತಿಮೆ ಅವರಿಗಿರಲಿ, ಅಸ್ಥಿ ನಮಗೆ ಬರಲಿ ಎಂಬುದು ಛೋಟಾನಾಗಪುರದವರ ಬಯಕೆ. ಪೂರ್ವಜರ ಎಲುಬುಗಳು ಊರಿನ ನೆಲದಲ್ಲಿಯೇ ಇರಬೇಕೆಂಬ ಜನ ಅವರು. ಸಮಾಧಿಯ ಕಲ್ಲೇ ಅವರಿಗೆ ನೆಲದ ಹಕ್ಕುಪತ್ರವಲ್ಲವೆ? 1993ರಲ್ಲಿ, ಅವರು ತೀರಿಕೊಂಡು ಸರಿಯಾಗಿ ನೂರು ವರ್ಷ ತುಂಬಿದಾಗ, ಫಾದರ್ ಲೀವನ್ಸರ ಪಾರ್ಥಿವ ಅವಶೇಷಗಳು ಬೆಲ್ಜಿಯಂನಿಂದ ರಾಂಚಿಗೆ ಬಂದವು. ಆಗ ಅಲ್ಲಿ ಮಹಾಧರ್ಮಾಧ್ಯಕ್ಷರಾಗಿದ್ದವರು ಬರ್ವೇಯ ಮಗನಾದ ತೆಲೆಸ್ಫೋರ್ ಟೊಪ್ಪೋ. ಅವಶೇಷಗಳನ್ನು ಸಂತ ಮರಿಯಮ್ಮನವರ ಪ್ರಧಾನಾಲಯದೊಳಗೆ ಸಮಾಧಿ ಮಾಡಲಾಯಿತು.